ಬ್ಲೈಂಡ್ ಕದಿಯುವವರಿಗೂ ಕಾಯುವವರಿಗೂ

ಈ ಸಲ ಬಂದ ಪ್ರಶ್ನೆಗಳು ಮೂರು-ನಾಲ್ಕು ಜನ ಕೂತು ಆಡುವ ಲಿಮಿಟ್ ಹೋಲ್ಡೆಮ್ ಪೋಕರಿನವು: ತಲಾ ಎರಡು ಎಲೆ ಕೈಯಲ್ಲಿ, ಎಲ್ಲರಿಗೂ ಸೇರಿದ ಐದು ಎಲೆ ನಡುವೆ, ಬೆಟ್‌ನ ಮೊತ್ತ ಮೊದಲೇ ನಿಗದಿ. ಶಿರಸಿಯ ಓದುಗರು ಚಿಪ್ ಬದಲು ಅಡಿಕೆ ಇಟ್ಟು ಆಡುತ್ತಾರಂತೆ. ಲೆಕ್ಕಕ್ಕೆ ಅನುಕೂಲ, ಹಾಗಾಗಿ ಎಲ್ಲ ಉತ್ತರಕ್ಕೂ ಅದೇ ಅಳತೆ: ಎಲೆ ನೋಡುವ ಮೊದಲೇ ಇಬ್ಬರು ಕಟ್ಟಲೇಬೇಕಾದ ಸಣ್ಣ ಬ್ಲೈಂಡ್ 1 ಅಡಿಕೆ, ದೊಡ್ಡ ಬ್ಲೈಂಡ್ 2, ಫ್ಲಾಪ್‌ (ನಡುವಿನ ಮೊದಲ ಮೂರು ಎಲೆ) ವರೆಗಿನ ಬೆಟ್ 2, ಟರ್ನ್ (ನಾಲ್ಕನೇ ಎಲೆ) ಮತ್ತು ರಿವರ್‌ನಲ್ಲಿ (ಐದನೆಯದು) 4.

ಪ್ರಶ್ನೆ: ಗೋವಾದಲ್ಲಿ ನೋ-ಲಿಮಿಟ್ ಆಡಿ ಬಂದ ಗೆಳೆಯ, ಬಟನ್‌ನಲ್ಲಿದ್ದಾಗ (ಡೀಲರ್‌ನ ಜಾಗ) ಯಾವ ಎಲೆ ಬಂದರೂ ರೇಸ್ ಮಾಡು (ಬೆಟ್ ಏರಿಸು), ಬ್ಲೈಂಡ್‌ನವರು ಎಲೆ ಬಿಟ್ಟು ಓಡುತ್ತಾರೆ ಎನ್ನುತ್ತಾನೆ. ನಮ್ಮಲ್ಲಿ ಯಾರೂ ಓಡುವುದಿಲ್ಲ. ಏಕೆ? (ಕಾರವಾರ)

ಅವರು ಮಾಡುತ್ತಿರುವುದೇ ಸರಿ. ನೋ-ಲಿಮಿಟ್‌ನಲ್ಲಿ ಎಷ್ಟು ಬೇಕಾದರೂ ಏರಿಸಿ ಹೆದರಿಸಬಹುದು. ಲಿಮಿಟ್‌ನಲ್ಲಿ ನಿಮ್ಮ ರೇಸ್ 4ಕ್ಕೆ ನಿಂತುಬಿಡುತ್ತದೆ. ಸಣ್ಣ ಬ್ಲೈಂಡ್ ಹೋದ ಮೇಲೆ ದೊಡ್ಡ ಬ್ಲೈಂಡ್‌ನವರ ಎದುರು ಪಾಟ್‌ನಲ್ಲಿ, ಅಂದರೆ ನಡುವಿನ ರಾಶಿಯಲ್ಲಿ, 7 ಅಡಿಕೆ, ಅವರು ಹಾಕಬೇಕಾದದ್ದು ಬರೀ 2. ನೂರರಲ್ಲಿ 22 ಸಲ ಗೆದ್ದರೂ ಅವರಿಗೆ ನಷ್ಟವಿಲ್ಲ.

ನಿಮ್ಮ ಕಡೆಯಿಂದ ನೋಡಿ: ಬ್ಲೈಂಡ್‌ಗಳ 3 ಅಡಿಕೆ ಹೊಡೆಯಲು 4 ಇಡುತ್ತಿದ್ದೀರಿ. ಬರೀ ಕಳ್ಳತನದಿಂದಲೇ ಲಾಭ ಆಗಬೇಕಾದರೆ ನೂರಕ್ಕೆ 57 ಸಲಕ್ಕಿಂತ ಹೆಚ್ಚು ಇಬ್ಬರೂ ಪ್ಯಾಕ್ ಆಗಬೇಕು. ಆಗುವುದಿಲ್ಲ. ಆದ್ದರಿಂದ ಬಟನ್ ರೇಸ್‌ಗೆ ಬೇಕಾದದ್ದು ಒಬ್ಬರ ಎದುರು, ಕೊನೆಯ ಮಾತು ನಿಮ್ಮದಾಗಿರುವಾಗ, ಆಡಿ ಗೆಲ್ಲಬಲ್ಲ ಎಲೆ. ಯಾವ ಜೋಡಿಯಾದರೂ, ಎಕ್ಕದ ಜೊತೆ ಏನಿದ್ದರೂ, ರಾಜ-ಎಂಟು, ರಾಣಿ-ಒಂಬತ್ತು, ಗುಲಾಮ-ಒಂಬತ್ತು, ಹತ್ತು-ಒಂಬತ್ತು ಮತ್ತು ಅದಕ್ಕಿಂತ ಮೇಲಿನವು. ಒಂದೇ ಜಾತಿಯವಾದರೆ ರಾಜನ ಜೊತೆ ಯಾವುದಾದರೂ, ರಾಣಿ-ಐದು, ಗುಲಾಮ-ಏಳು, ಏಳು-ಆರು, ಆರು-ಐದರವರೆಗೂ ಇಳಿಯಬಹುದು. ಒಟ್ಟಾರೆ ನೂರಕ್ಕೆ 40ರ ಆಸುಪಾಸು. ಎದುರಿನವರು ಸುಲಭಕ್ಕೆ ಬಿಡುವವರಾದರೆ ಇನ್ನಷ್ಟು ಸಡಿಲಿಸಿ. ಏನೂ ಬಿಡದವರಾದರೆ ಕೆಳಗಿನ ಎಲೆಗಳನ್ನು ಕಿತ್ತುಹಾಕಿ. ಒಳಗೆ ಹೋಗುವುದಾದರೆ ರೇಸ್ ಮಾಡಿಯೇ ಹೋಗಿ. ಬರೀ 2 ಹಾಕಿ ನುಸುಳಿದರೆ ದೊಡ್ಡ ಬ್ಲೈಂಡ್‌ಗೆ ಫ್ಲಾಪ್ ಬಿಟ್ಟಿ.

ಪ್ರಶ್ನೆ: ದೊಡ್ಡ ಬ್ಲೈಂಡ್‌ನಲ್ಲಿ ನಾನು ಹೆಚ್ಚಾಗಿ ಕಾಲ್ ಮಾಡುತ್ತೇನೆ (ಎದುರಿನ ಬೆಟ್‌ಗೆ ಸಮ ಹಾಕುತ್ತೇನೆ). ಫ್ಲಾಪ್‌ನಲ್ಲಿ ಏನೂ ಸಿಗದಿದ್ದರೆ ಬಿಟ್ಟುಬಿಡುತ್ತೇನೆ. ಆದರೂ ಅಡಿಕೆ ಖಾಲಿಯಾಗುತ್ತಲೇ ಇರುತ್ತದೆ. (ಶಿರಸಿ)

ಸೋರುತ್ತಿರುವುದು ಎರಡನೇ ವಾಕ್ಯದಲ್ಲಿ. ಜೋಡಿಯಲ್ಲದ ಎರಡು ಎಲೆಗೆ ಫ್ಲಾಪ್‌ನಲ್ಲಿ ಜೋಡಿ ಅಥವಾ ಅದಕ್ಕಿಂತ ಒಳ್ಳೆಯದು ಕೂಡುವುದು ಸರಿಸುಮಾರು ಮೂರರಲ್ಲಿ ಒಂದು ಸಲ. ಫ್ಲಾಪ್ ಬೀಳುವಾಗ ಪಾಟ್‌ನಲ್ಲಿ 9 ಅಡಿಕೆ. ಬಟನ್‌ನವರು ಕೈಯಲ್ಲಿ ಏನೂ ಇಲ್ಲದೆ 2 ಇಟ್ಟರೂ ನೀವು ನೂರಕ್ಕೆ 18 ಸಲಕ್ಕಿಂತ ಜಾಸ್ತಿ ಬಿಟ್ಟರೆ ಅವರಿಗೆ ಲಾಭ. ನೀವು ಅರುವತ್ತಕ್ಕೂ ಹೆಚ್ಚು ಸಲ ಬಿಡುತ್ತಿದ್ದೀರಿ. ಹೀಗಾದರೆ ಮೊದಲು ಮಾಡಿದ ಕಾಲ್ ದಂಡ.

ಒಂದು ಕೈ ಬಿಡಿಸಿ ನೋಡೋಣ. ನಿಮ್ಮಲ್ಲಿ ಆಟೀನ್ ರಾಣಿ, ಆಟೀನ್ ಹತ್ತು. ಬಿದ್ದದ್ದು ಆಟೀನ್ ಎಂಟು, ಇಸ್ಪೀಟ್ ಆರು, ಕಳಾವರ್ ಎರಡು. ನೀವು ಚೆಕ್ (ಏನೂ ಇಡದೆ ಸರದಿ ದಾಟಿಸುವುದು), ಅವರು ಬೆಟ್. ಈಗ 11ರ ಪಾಟ್‌ಗೆ 2 ಹಾಕಬೇಕು, ನೂರಕ್ಕೆ 15ರಷ್ಟು ಅವಕಾಶ ಸಾಕು. ಉಳಿದ 47 ಎಲೆಗಳಲ್ಲಿ ಮೂರು ರಾಣಿ, ಮೂರು ಹತ್ತು ನಿಮಗೆ ಜೋಡಿ ಕಟ್ಟಿಕೊಡುತ್ತವೆ, ಅದೇ ನೂರಕ್ಕೆ 13. ಕೊರತೆ ಸ್ವಲ್ಪ. ಟರ್ನ್, ರಿವರ್ ಎರಡರಲ್ಲೂ ಆಟೀನ್ ಬೀಳುವ ಸಾಧ್ಯತೆ, ಜೊತೆಗೆ ಜೋಡಿ ಕೂಡಿದಾಗ ಮುಂದೆ ಸಿಗುವ ದೊಡ್ಡ ಬೆಟ್‌ಗಳು ಅದನ್ನು ತುಂಬುತ್ತವೆ. ಕಾಲ್ ಮಾಡಿ. ಟರ್ನ್‌ನಲ್ಲಿ ಕಪ್ಪು ಮೂರು ಬಿದ್ದು ಅವರು 4 ಇಟ್ಟರೆ ನೂರಕ್ಕೆ 19 ಬೇಕಾಗುತ್ತದೆ, ಆಗ ಬಿಡಿ. ಫ್ಲಾಪ್ ಎಕ್ಕ-ರಾಜ-ನಾಲ್ಕು, ನಿಮ್ಮ ಕೈ ಒಂಬತ್ತು-ಏಳು ಅಂತಾದರೆ ಅಲ್ಲೇ ಎಲೆ ಎಸೆಯಿರಿ, ಚಿಂತೆ ಬೇಡ.

ಅದೇ ಎಂಟು-ಆರು-ಎರಡರ ಮೇಲೆ ಕೈಯಲ್ಲಿ ಆರು-ಐದು ಇದ್ದರೆ ಚೆಕ್ ಮಾಡಿ, ಅವರ ಬೆಟ್‌ಗೆ ರೇಸ್ ಮಾಡಿ. ಅವರು ಓಡುತ್ತಾರೆಂದಲ್ಲ, 15 ಅಡಿಕೆಯ ಪಾಟ್‌ಗೆ 2 ಹಾಕುವುದಷ್ಟೇ ಬಾಕಿ ಇರುವಾಗ ಯಾರೂ ಓಡುವುದಿಲ್ಲ. ಮುಂದಿರುವ ಎಲೆಗೆ ಬೆಲೆ ಕಟ್ಟಿಸಿಕೊಂಡು, ಬೆಟ್ ದುಪ್ಪಟ್ಟಾಗುವ ಟರ್ನ್‌ನಲ್ಲಿ ಮುಂದಾಳತ್ವ ನಿಮ್ಮ ಕೈಗೆ ಬರಲಿ ಅಂತ. ಬರೀ ಒಳ್ಳೆಯ ಜೋಡಿಗಷ್ಟೇ ಹೀಗೆ ಮಾಡಿದರೆ ಎರಡು ಸಂಜೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ನಡುವೆ ಅರ್ಧ ಕೂಡಿದ ಸೀಕ್ವೆನ್ಸ್‌ಗಳನ್ನೂ ಸೇರಿಸಿ.

ರಿವರ್‌ನಲ್ಲೂ ಜಿಪುಣತನ ಬೇಡ. ಒಬ್ಬರೇ ಬೆಟ್ ಮಾಡುತ್ತ, ನೀವು ಕಾಲ್ ಮಾಡುತ್ತ ಬಂದಿದ್ದರೆ ಕೊನೆಯ ಬೆಟ್ ಸೇರಿ ಪಾಟ್ 25. ಅದಕ್ಕೆ 4. ಕೈಯಲ್ಲಿ ಏನೂ ಇಲ್ಲದೆ ಬೆಟ್ ಮಾಡಿದ ಅವರ ಬಣ್ಣ ಏಳರಲ್ಲಿ ಒಂದು ಸಲ ಬಯಲಾದರೂ, ಜೋಡಿ ಕೂಡದ ಬರೀ ಎಕ್ಕ ಹಿಡಿದು ನೀವು ಮಾಡಿದ ಕಾಲ್ ಸರಿ.

ಮೊದಲ ಸುತ್ತಿನಲ್ಲಿ ಏಳರ ಜೋಡಿಯಿಂದ ಮೇಲೆ, ಎಕ್ಕ-ಹತ್ತು, ರಾಜ-ರಾಣಿ ಇದ್ದರೆ ಕಾಲ್ ಬಿಟ್ಟು ಮೂರನೇ ಬೆಟ್ ಹಾಕಿ. ಬೇರೆ ಬೇರೆ ಜಾತಿಯ ಗುಲಾಮ-ಮೂರು, ಒಂಬತ್ತು-ಎರಡು ಥರದವನ್ನು ಎಷ್ಟು ಅಗ್ಗ ಸಿಕ್ಕರೂ ಮುಟ್ಟಬೇಡಿ.

ಪ್ರಶ್ನೆ: ಸಣ್ಣ ಬ್ಲೈಂಡ್‌ನಲ್ಲಿ ಹೇಗೂ 1 ಕಟ್ಟಿಯಾಗಿದೆ. ಬಟನ್ ರೇಸ್‌ಗೆ ಇನ್ನು 3 ಹಾಕಿ ಕಾಲ್ ಮಾಡುವುದು ಸರಿಯೇ? (ಕುಮಟಾ)

ಬೇಡ. ನೀವು ಕಾಲ್ ಮಾಡಿದಿರೆಂದರೆ ಪಾಟ್ 10 ಆಗುತ್ತದೆ, ದೊಡ್ಡ ಬ್ಲೈಂಡ್‌ನವರು 2 ಹಾಕಿ ನಗುತ್ತ ಒಳಗೆ ಬರುತ್ತಾರೆ. ಇಬ್ಬರ ಎದುರೂ ನೀವೇ ಮೊದಲು ಆಡಬೇಕು. 6ಕ್ಕೆ ಏರಿಸಿದರೆ ಅದೇ ವ್ಯಕ್ತಿ 12ರ ಪಾಟ್‌ಗೆ 4 ಕೊಡಬೇಕು, ಬಹಳ ಸಲ ಬಿಡುತ್ತಾರೆ, ಅವರ 2 ಅಡಿಕೆ ಪಾಟ್‌ನಲ್ಲೇ ಉಳಿಯುತ್ತದೆ. ಹಾಗಾಗಿ ಇಲ್ಲಿ ಏರಿಸುವಷ್ಟು ಎಲೆ ಇದೆಯೇ ನೋಡಿ, ಇಲ್ಲದಿದ್ದರೆ ಪ್ಯಾಕ್. ಕಟ್ಟಿದ 1 ಈಗ ನಿಮ್ಮದಲ್ಲ.

ಪ್ರಶ್ನೆ: ಅಭ್ಯಾಸಕ್ಕೆ ಆನ್‌ಲೈನ್‌ನಲ್ಲಿ ಸಣ್ಣ ಮೊತ್ತ ಇಟ್ಟು ಆಡಬಹುದೇ? (ಅಂಕೋಲಾ)

ಇಲ್ಲ. 2025ರ ಕೇಂದ್ರ ಕಾನೂನು ಹಣದ ಆನ್‌ಲೈನ್ ಆಟಗಳನ್ನು, ಅವು ಕೌಶಲದವೋ ಅದೃಷ್ಟದವೋ ಎಂದು ನೋಡದೆ ನಿಷೇಧಿಸಿದೆ. ಶಿರಸಿಯವರ ಅಡಿಕೆಯೇ ವಾಸಿ.

ಪ್ರಶ್ನೆ: ಕೊನೆಗೆ ಇಬ್ಬರೇ ಉಳಿದಾಗ ಸಣ್ಣ ಬ್ಲೈಂಡ್ ಯಾರದ್ದು? ಎಷ್ಟು ಸಡಿಲ ಆಡಬೇಕು? (ಹೊನ್ನಾವರ)

ಡೀಲರ್‌ನದು. ಮೊದಲ ಸುತ್ತಿನಲ್ಲಿ ಅವರೇ ಮೊದಲು, ಆಮೇಲೆ ಎಲ್ಲ ಸುತ್ತಿನಲ್ಲೂ ಅವರೇ ಕೊನೆ. 3 ಹೊಡೆಯಲು ಇನ್ನು 3 ಹಾಕಿದರೆ ಸಾಕಾದ್ದರಿಂದ ಹೆಚ್ಚಿನ ಕೈಗಳಲ್ಲಿ ರೇಸ್ ಮಾಡಬಹುದು. ಎದುರಿನವರಿಗೆ 6ರ ಪಾಟ್‌ಗೆ 2, ಅವರೂ ಬಹಳಷ್ಟು ಆಡಬೇಕು.

ಇಬ್ಬರ ಲಿಮಿಟ್ ಹೋಲ್ಡೆಮ್ ಅನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಸೆಫಿಯಸ್ ಎಂಬ ಪ್ರೋಗ್ರಾಮಿನಿಂದ ಹೆಚ್ಚುಕಡಿಮೆ ಪೂರ್ತಿ ಬಿಡಿಸಿದರು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಡೀಲರ್‌ಗೆ ಸಾವಿರ ಕೈಗೆ 88ರಿಂದ 90 ದೊಡ್ಡ ಬ್ಲೈಂಡ್ ಲಾಭ, ಅಂದರೆ 180 ಅಡಿಕೆಯ ಹತ್ತಿರ. ಅದಕ್ಕೇ ಪ್ರತಿ ಕೈಗೂ ಡೀಲರ್ ಬದಲಾಗಲೇಬೇಕು. ಮೂರನೆಯವರು ಎದ್ದುಹೋದ ಕೈಯಲ್ಲಿ ಇದು ತಪ್ಪುವುದುಂಟು: ಒಬ್ಬರೇ ಸತತ ಎರಡು ಸಲ ದೊಡ್ಡ ಬ್ಲೈಂಡ್ ಕಟ್ಟದಂತೆ ಬಟನ್ ಸರಿಸಿಕೊಳ್ಳಿ.