ಅಜ್ಜನ ಹಳೇ ಕ್ಯಾಮೆರಾವನ್ನು ಆನ್‌ಲೈನ್ ಏಲಂನಲ್ಲಿ 1 ರೂಪಾಯಿಯಿಂದ ಶುರು ಮಾಡಲೇ, ರಿಸರ್ವ್ ಬೆಲೆ ಇಡಲೇ?

1 ರೂಪಾಯಿ ಬೇಡ ಮಾರಾಯ್ರೇ. ನಾನು 99ರಿಂದ ಶುರು ಮಾಡಿ ಕೈ ಸುಟ್ಟುಕೊಂಡವನು.

ನಮ್ಮದು ಬದಿಯಡ್ಕದ ಹತ್ತಿರ. ಅಪ್ಪ ಸಿಲೋನ್ ಕೇಳುತ್ತಿದ್ದ ವಾಲ್ವ್ ರೇಡಿಯೋ ಅಟ್ಟದಲ್ಲಿತ್ತು, ಮಾರಲು ಹಾಕಿದೆ. ನನಗೆ ಗೊತ್ತಿದ್ದ ಏಲಂ ಅಂದರೆ ದೇವಸ್ಥಾನದ್ದು. ಅಲ್ಲಿ ಹೊರೆಕಾಣಿಕೆಯ ಬಾಳೆಗೊನೆ 50 ರೂಪಾಯಿಗೆ ಶುರುವಾಗಿ ನೋಡನೋಡುತ್ತಾ 2,000 ದಾಟುತ್ತದೆ. ಇಲ್ಲೂ ತಾನಾಗಿ ಏರುತ್ತದೆ ಅಂದುಕೊಂಡೆ. ಬಾಳೆಗೊನೆಯನ್ನು ಏರಿಸುವುದು ಭಕ್ತಿ, ಮತ್ತೆ ಎದುರು ಕೂತ ಭಾವನ ಮೇಲಿನ ಹಠ. ಅದು ಆಗ ಹೊಳೆಯಲಿಲ್ಲ.

ಆನ್‌ಲೈನ್‌ನಲ್ಲಿ ಕೊಳ್ಳುವವರು ತಮ್ಮ ಗರಿಷ್ಠ ಬೆಲೆ ಬರೆದಿಟ್ಟು ಹೋಗುತ್ತಾರೆ. ಅದು ಬೇರೆಯವರಿಗೆ ಕಾಣುವುದಿಲ್ಲ. ಎದುರಾಳಿ ಕೂಗಿದ್ದಕ್ಕಿಂತ ಒಂದೇ ಮೆಟ್ಟಿಲು ಮೇಲೆ ಸೈಟ್ ಅವರ ಪರವಾಗಿ ಕೂಗುತ್ತದೆ. ನನ್ನ ರೇಡಿಯೋಗೆ ಬಂದವರು ಇಬ್ಬರೇ. ಪುಣೆಯವರೊಬ್ಬರು 9,000 ಬರೆದಿದ್ದರಂತೆ, ಆಮೇಲೆ ಅವರೇ ಫೋನಿನಲ್ಲಿ ಹೇಳಿದರು. ಇನ್ನೊಬ್ಬ 600ಕ್ಕೆ ನಿಲ್ಲಿಸಿದ. ಹೋದದ್ದು 625ಕ್ಕೆ! ಅಂದರೆ ಬೆಲೆ ಕಟ್ಟುವುದು ಗೆದ್ದವನಲ್ಲ, ಎರಡನೆಯವನು. ಅವನು ಗಟ್ಟಿ ಇಲ್ಲದಿದ್ದರೆ ಆ ಜಾಗದಲ್ಲಿ ನಿಲ್ಲುವುದು ನಿಮ್ಮ ಶುರುವಿನ ಬೆಲೆ. ನಾನು 99 ನಿಲ್ಲಿಸಿದ್ದೆ. 5,000 ನಿಲ್ಲಿಸಿದ್ದರೆ ಅದೇ ಪುಣೆಯವರು 5,000 ಕೊಟ್ಟು ಒಯ್ಯುತ್ತಿದ್ದರು. ಪ್ಯಾಕಿಂಗ್‌ಗೇ 400 ಹೋಯಿತು, ಅದು ಬಿಡಿ.

ರಿಸರ್ವ್ ಅಂದರೆ ಗುಟ್ಟಾಗಿಟ್ಟ ಕನಿಷ್ಠ ಬೆಲೆ. ಅದು ಮುಟ್ಟದಿದ್ದರೆ ನೀವು ಮಾರಲೇಬೇಕಂತಿಲ್ಲ. ಯಾರದಾದರೂ ಗರಿಷ್ಠ ಅದನ್ನು ದಾಟಿದರೆ ಈಬೇಯಂಥ ಕಡೆ ಬೆಲೆ ನೇರ ರಿಸರ್ವ್‌ಗೆ ಹಾರುತ್ತದೆ. ನಷ್ಟ ತಪ್ಪುತ್ತದೆ, ನಿಜ. ಆದರೂ ನನಗೆ ಇಷ್ಟವಿಲ್ಲ. ‘ರಿಸರ್ವ್ ಮುಟ್ಟಿಲ್ಲ’ ಅಂತ ನಾಲ್ಕು ಸಲ ಕಂಡರೆ ಕೂಗುವವನಿಗೆ ಬೇಜಾರಾಗಿ ಎದ್ದು ಹೋಗುತ್ತಾನೆ. ಕೆಲವು ಕಡೆ ಅದಕ್ಕೆ ಬೇರೆ ಶುಲ್ಕವೂ ಇದೆ, ಮಾರಾಟ ಆಗದಿದ್ದರೂ ಕಟ್ಟಬೇಕು.

ಭಾವನ ಖಾತೆಯಿಂದ ಕೂಗಿಸಿ ಏರಿಸಿ ಅಂತ ಯಾರಾದರೂ ಹೇಳಿಯಾರು. ಕೇಳಬೇಡಿ. 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ, ಹಾಗೆ ಸುಳ್ಳು ಕೂಗು ಹಾಕಿಸಿದರೆ ಕೊಂಡವನು ವ್ಯಾಪಾರವನ್ನೇ ರದ್ದು ಮಾಡಬಹುದು.

ನಿಜ ಹೇಳಬೇಕಾದರೆ, 1 ರೂಪಾಯಿಯಾ ರಿಸರ್ವಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಆ ಕ್ಯಾಮೆರಾ ಬೇಕೇ ಬೇಕು ಅನ್ನುವವರು ಇಬ್ಬರಾದರೂ ಇದ್ದಾರಾ? ಅದೇ ಮಾದರಿಯ ಮುಗಿದ ಏಲಂಗಳಲ್ಲಿ ಎಷ್ಟು ಜನ ಕೂಗಿದ್ದಾರೆ ನೋಡಿ. ಹತ್ತಾರು ಮಂದಿ ಇದ್ದರೆ 1 ರೂಪಾಯಿಯೂ ನಡೆದೀತು. ಇಲ್ಲದಿದ್ದರೆ ಎಷ್ಟು ಬಂದರೆ ನಿಮಗೆ ಬೇಸರವಿಲ್ಲವೋ ಅಷ್ಟರಿಂದಲೇ ಶುರು ಮಾಡಿ. ಯಾರೂ ಬರದಿದ್ದರೆ ಕ್ಯಾಮೆರಾ ನಿಮ್ಮ ಮನೆಯಲ್ಲೇ ಇರುತ್ತದೆ. ನಮ್ಮ ರೇಡಿಯೋ ಈಗ ಪುಣೆಯಲ್ಲಿ ಹಾಡುತ್ತಿದೆ.