ಅಕ್ಟೋಬರಿನಲ್ಲಿ ಹೋಯಿ ಆನ್ ಬೇಡ, ಉತ್ತರಕ್ಕೆ ಹೋಗಿ

ಅಕ್ಟೋಬರ್ ಮೂರನೇ ವಾರ ಅಪ್ಪ ಅಮ್ಮನ ಜೊತೆ ವಿಯೆಟ್ನಾಂ, ಡಾ ನಾಂಗ್ ಮತ್ತು ಹೋಯಿ ಆನ್‌ನಲ್ಲಿ ಎಂಟು ದಿನ ಬೀಚ್, ಜೊತೆಗೆ ಸಸ್ಯಾಹಾರ ಸಿಗುತ್ತಾ ಅಂತ ಕೇಳಿದ್ದೀರಿ. ಟಿಕೆಟ್ ಇನ್ನೂ ಮಾಡಿಸಿಲ್ಲ ಅಲ್ವಾ? ಹಾಗಾದರೆ ಸ್ವಲ್ಪ ತಡೀರಿ.

ನಮ್ಮಲ್ಲಿ ಮುಂಗಾರು ಮುಗಿಯುವ ಹೊತ್ತಿಗೆ ಡಾ ನಾಂಗ್, ಹೋಯಿ ಆನ್ ಇರುವ ಅಲ್ಲಿನ ನಡುಕರಾವಳಿಯಲ್ಲಿ ಮಳೆ ಜೋರಾಗುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಚಂಡಮಾರುತದ ಭಯವೂ ಇದೆ. ಥು ಬೋನ್ ನದಿ ಉಕ್ಕಿದರೆ ಹೋಯಿ ಆನ್‌ನ ಹಳೇ ಪೇಟೆಯ ಬೀದಿಗಳಲ್ಲಿ ದೋಣಿ ಓಡಾಡುತ್ತವೆ. ಫೋಟೋಗೆ ಚಂದ, ಮಂಡಿನೋವಿನ ಅಮ್ಮನಿಗೆ ಅಲ್ಲ. ಇನ್ನೊಂದು ಬೀಚ್ ಊರು ನ್ಯಾ ಟ್ರಾಂಗ್ ಕೂಡ ಆಗ ಬೇಡ.

ಅದೇ ವಾರ ಉತ್ತರದಲ್ಲಿ ಹವೆ ತುಂಬಾ ಚೆನ್ನಾಗಿರುತ್ತದೆ. ಹನೋಯಿ ಮೂರು ದಿನ, ನಿನ್ ಬಿನ್ ಎರಡು ದಿನ, ಹಾ ಲಾಂಗ್ ಕೊಲ್ಲಿಯಲ್ಲಿ ಒಂದು ರಾತ್ರಿ ಹಡಗಿನಲ್ಲಿ. ಉಳಿದದ್ದು ಸುಮ್ನೆ ಕಾಫಿ ಕುಡಿಯೋಕೆ. ಈಜಲೇಬೇಕು ಅಂದರೆ ರಜೆಯನ್ನು ನವೆಂಬರ್ ಕೊನೆಗೆ ತಳ್ಳಿ, ಫು ಕ್ವಾಕ್ ದ್ವೀಪಕ್ಕೆ ಹೋಗಿ. ಅಲ್ಲಿ ಆಗ ಒಣ ಹವೆ ಶುರುವಾಗಿರುತ್ತದೆ.

ಊಟಕ್ಕೆ 'ಚಾಯ್' (Chay) ಅನ್ನೋ ಬೋರ್ಡ್ ಹುಡುಕಿ. ಟೀ ಅಲ್ಲ, ಸಸ್ಯಾಹಾರ ಅಂತ ಅರ್ಥ. ಬೇರೆ ಹೋಟೆಲಿನಲ್ಲಿ ಬರೀ ತರಕಾರಿ ಅಂದರೂ ಮೀನಿನ ಸಾಸ್ ಬಿದ್ದಿರಬಹುದು, ಬಾಯಿಬಿಟ್ಟು ಕೇಳಿ.

ಇ-ವೀಸಾ ಸರ್ಕಾರಿ ವೆಬ್‌ಸೈಟಿನಲ್ಲೇ ಮಾಡಿ. ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು ತುಂಬಿ, ಅಪ್ಪನ ಇನಿಷಿಯಲ್ ವಿಷಯದಲ್ಲಿ ಹುಷಾರು.