60 ಸಾವಿರ ಇದೆ, ಗೇಮಿಂಗ್‌ಗೆ ಟ್ಯಾಬ್ಲೆಟ್ಟೋ ಡೆಸ್ಕ್‌ಟಾಪೋ?

ನಿಮ್ಮ ಪ್ರಶ್ನೆ ಇಷ್ಟು: ಹುಬ್ಬಳ್ಳಿಯಿಂದ ಕೆಲಸಕ್ಕೆ ಅಂತ ಮುಂಬಯಿಗೆ ಬಂದು ಎಂಟು ತಿಂಗಳಾಯ್ತು, ಡೊಂಬಿವಲಿಯಲ್ಲಿ ಮೂವರು ಸೇರಿ ರೂಮ್ ಮಾಡಿದ್ದೀರಿ, ಫೋನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಅನ್ನೋ ಗುಂಡಿನಾಟ) ಆಡ್ತೀರಿ, 60 ಸಾವಿರ ಕೂಡಿಟ್ಟಿದ್ದೀರಿ. ಒಳ್ಳೇ ಟ್ಯಾಬ್ಲೆಟ್ ತಗೊಳ್ಳೋದಾ, ಡೆಸ್ಕ್‌ಟಾಪ್ ಅಸೆಂಬಲ್ ಮಾಡಿಸೋದಾ?

ನಾನು ಕುಂದಾಪುರ ಕಡೆಯವನು, ನಿಮ್ಮ ಹಾಗೇ ಡೊಂಬಿವಲಿ ವಾಸಿ. ಕಂಪ್ಯೂಟರ್ ಅಂಗಡಿಗಳಿಗೆ ಹೆಸರಾದ ಇಲ್ಲಿನ ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ಆರು ವರ್ಷ ಪಿಸಿ ಜೋಡಿಸಿದ್ದೇನೆ. ಗಿರಾಕಿ ಬಂದ ಕೂಡಲೇ ನಾವು ಕೇಳ್ತಿದ್ದದ್ದು ಬಜೆಟ್. ಅದಕ್ಕಿಂತ ಮೊದಲು ಕೇಳಬೇಕಿದ್ದ ಪ್ರಶ್ನೆ ಒಂದಿತ್ತು ಅಂತ ಈಗ ಅನಿಸುತ್ತೆ: ಮೇಜು ಎಲ್ಲಿಡ್ತೀರಿ?

ತಮಾಷೆಗೆ ಹೇಳ್ತಿಲ್ಲ. ಈ ಊರಲ್ಲಿ ಡೆಸ್ಕ್‌ಟಾಪಿನ ಎಲ್ಲಕ್ಕಿಂತ ದುಬಾರಿ ಪಾರ್ಟ್ ಅಂದ್ರೆ ಅದನ್ನಿಡೋ ನಾಲ್ಕಡಿ ಜಾಗ. ಮೂವರು ಮಲಗೋ ಖೋಲಿಗೆ ಮೇಜು ಕುರ್ಚಿ ಬಂತು ಅಂದ್ರೆ ಒಬ್ಬನ ಹಾಸಿಗೆ ಅಡುಗೆಮನೆ ಬಾಗಿಲಿಗೆ ಹೋಯ್ತು ಅಂತಲೇ ಲೆಕ್ಕ. ಮೇಲಿಂದ ಇಲ್ಲಿನ ಬಾಡಿಗೆ ಕರಾರು 11 ತಿಂಗಳದ್ದು. ನಾನು ನಾಲ್ಕು ಖೋಲಿ ಬದಲಿಸಿದ್ದೇನೆ. ನಾಲ್ಕೂ ಸಲ ಕ್ಯಾಬಿನೆಟ್ (ಪಿಸಿಯ ಡಬ್ಬ) ರಿಕ್ಷಾದಲ್ಲಿ ನನ್ನ ತೊಡೆ ಮೇಲೆ, ಮಾನಿಟರ್ ಚಾದರದೊಳಗೆ. ಒಂದು ಸಲ ರಸ್ತೆ ಗುಂಡಿಗೆ, ಆಟದ ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡ್ ಸ್ಲಾಟಿನಿಂದ ಅಲುಗಿ, ಹೊಸ ಮನೆಯಲ್ಲಿ ಹಾಲು ಉಕ್ಕಿಸೋಕೆ ಮೊದಲೇ ಸ್ಕ್ರೂಡ್ರೈವರ್ ಹುಡುಕಿದ್ದೆ.

ಇನ್ನು ಆಟದ ವಿಷಯ. ಫೋನಿಗೂ ಪಿಸಿಗೂ ವ್ಯತ್ಯಾಸ ಪರದೆಯ ಗಾತ್ರದಲ್ಲಿದೆ ಅಂತ ಬಹಳ ಜನ ತಿಳಿದಿದ್ದಾರೆ. ನನ್ನ ಪ್ರಕಾರ ಅದಿರೋದು ಕೈಯಲ್ಲಿ. ಫೋನಲ್ಲಿ ನೋಡೋ ಜಾಗವೂ ಮುಟ್ಟೋ ಜಾಗವೂ ಒಂದೇ. ಎರಡು ಹೆಬ್ಬೆರಳು ಇಟ್ಟ ಕೂಡಲೇ ಪರದೆಯ ಕೆಳಗಿನ ಎರಡೂ ಮೂಲೆ ಮುಚ್ಚಿಹೋಗುತ್ತೆ. ಅದಕ್ಕೇ ಹುಡುಗರು ತೋರುಬೆರಳನ್ನು ಏಡಿ ಕೊಂಬಿನ ಹಾಗೆ ಮೇಲಿಂದ ಬಾಗಿಸಿ 'ಕ್ಲಾ' ಹಿಡಿತ ಕಲಿಯೋದು, ಫೋನನ್ನೇ ಅಲುಗಿಸಿ ಗುರಿ ಹಿಡಿಯೋ ಜೈರೋ ಹಾಕಿಕೊಳ್ಳೋದು. ಟ್ಯಾಬ್ಲೆಟ್‌ನಲ್ಲಿ ಈ ತಾಪತ್ರಯ ಕಡಿಮೆ. 4:3 ಅಳತೆಯ ಪರದೆಯಾದ್ರೆ ಮೇಲೆ ಕೆಳಗೆ ಇನ್ನಷ್ಟು ಕಾಣುತ್ತೆ, ಬಿಜಿಎಂಐ ಆಡೋರು 'ಐಪ್ಯಾಡ್ ವ್ಯೂ' ಅಂತ ಜೀವ ಬಿಡೋದು ಇದಕ್ಕೇ. ಆದರೆ ಹೆಚ್ಚುಕಮ್ಮಿ ಅರ್ಧ ಕಿಲೋ ತೂಕ ಎತ್ತಿಹಿಡಿದು ಒಂದು ಗಂಟೆ ಆಡಿ ನೋಡಿ, ಉಳಿದದ್ದು ನಿಮ್ಮ ಮಣಿಕಟ್ಟೇ ಹೇಳುತ್ತೆ.

ಕೀಬೋರ್ಡ್ ಮೌಸ್‌ನಲ್ಲಿ ಎಡಗೈಯ ಒಂದೊಂದು ಬೆರಳಿಗೂ ಒಂದೊಂದು ಕೆಲಸ, ಬಲಗೈ ಕೂದಲೆಳೆಯಷ್ಟು ಸರಿದರೂ ಗುರಿ ಅಷ್ಟೇ ಸರಿಯುತ್ತೆ. ಫೋನಿನ ಶೂಟರ್‌ಗಳಲ್ಲಿ ಆಟವೇ ಒಳಗಿಂದ ಗುರಿ ಎಳೆದುಕೊಡೋ 'ಏಮ್ ಅಸಿಸ್ಟ್' ಮಾಮೂಲಿ. ಕೌಂಟರ್ ಸ್ಟ್ರೈಕ್ 2, ವ್ಯಾಲೊರಂಟ್ ಥರದ ಪಿಸಿ ಆಟದಲ್ಲಿ ಆ ಕರುಣೆ ಇಲ್ಲ. ನಿಮ್ಮ ಫೋನಿನ ಕೈಚಳಕ ಅಲ್ಲಿ ಮೊದಲ ತಿಂಗಳು ಮೂರು ಕಾಸಿಗೂ ಬರಲ್ಲ, ಇದನ್ನು ಈಗಲೇ ಹೇಳಿಬಿಡ್ತೀನಿ.

ಮತ್ತೆ ಬೆವರು. ನಮ್ಮ ಮೈಯಲ್ಲಿ ವಿದ್ಯುತ್ ಹರಿಯಬಲ್ಲದು ಅನ್ನೋದರ ಮೇಲೆಯೇ ಟಚ್ ಸ್ಕ್ರೀನ್ ಬೆರಳನ್ನು ಗುರುತಿಸೋದು. ಉಪ್ಪು ಬೆವರಲ್ಲೂ ವಿದ್ಯುತ್ ಹರಿಯುತ್ತೆ. ಮೇ ತಿಂಗಳಲ್ಲಿ ಕರೆಂಟ್ ಹೋದ ಮಧ್ಯಾಹ್ನ ಪರದೆ ಮೇಲೆ ತೆಳು ಪಸೆ ಕೂತರೆ, ನೀವು ಎಡಕ್ಕೆ ಅಂದ್ರೆ ಆಟದೊಳಗಿನ ಆಳು ಬಲಕ್ಕೆ ಹೋಗ್ತಾನೆ. ಬೆರಳಿಗೆ ಟೋಪಿ ಥರ ಹಾಕೋ ಸ್ಲೀವ್ ಸಿಗುತ್ತೆ. ನನ್ನ ಹಳೇ ರೂಮ್‌ಮೇಟ್ ಕೇರಂ ಪೌಡರ್ ಹಚ್ಚಿಕೊಳ್ತಿದ್ದ, ಅದೂ ಕೆಲಸ ಮಾಡ್ತಿತ್ತು. ಚಾರ್ಜಿಂಗ್ ಪೋರ್ಟ್ ಒಳಗೆ ಪೌಡರ್ ಸೇರೋ ತನಕ.

ಬಿಸಿಯೂ ಇದೆ. ಫೋನು ಟ್ಯಾಬ್ಲೆಟ್ಟುಗಳಲ್ಲಿ ಸಾಮಾನ್ಯವಾಗಿ ಫ್ಯಾನ್ ಇರಲ್ಲ, ಒಳಗಿನ ಬಿಸಿಯೆಲ್ಲ ಹಿಂಬದಿಯಿಂದ ನಿಮ್ಮ ಅಂಗೈಗೇ ಬರಬೇಕು. ಹಾಗಾಗಿ ತುಂಬ ಹೊತ್ತು ಆಡಿದರೆ ಅದು ತಾನೇ ವೇಗ ತಗ್ಗಿಸುತ್ತೆ, ಪರದೆ ಮಂಕಾಗುತ್ತೆ. ಡಬ್ಬಿ ಮೇಲೆ ಬರೆದಿರೋ ವೇಗ ಮೊದಲ ಹತ್ತು ನಿಮಿಷದ್ದು ಅಂದುಕೊಳ್ಳಿ. ಡೆಸ್ಕ್‌ಟಾಪ್ ತಣ್ಣಗೆ ಓಡುತ್ತೆ, ಆದರೆ ಕರೆಂಟ್ ಕುಡಿಯುತ್ತೆ: ಆರ್‌ಟಿಎಕ್ಸ್ 4060 ಕಾರ್ಡ್ ಒಂದೇ 115 ವ್ಯಾಟ್. ಎಲ್ಲ ಸೇರಿ 300 ವ್ಯಾಟ್ ಅಂತ ಹಿಡಿದು ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 27 ಯೂನಿಟ್. ಫೋನಿನ 5000 ಎಂಎಎಚ್ ಬ್ಯಾಟರಿ ದಿನಾ ಒಂದು ಸಲ ಪೂರ್ತಿ ತುಂಬಿಸಿದರೂ ತಿಂಗಳಿಗೆ ಒಂದು ಯೂನಿಟ್ ಆಗಲ್ಲ. ಬಿಲ್ಲು ಮೂವರಿಗೆ ಸಮ ಹಂಚೋ ರೂಮಲ್ಲಿ ಈ ಲೆಕ್ಕ ಜಗಳಕ್ಕೆ ಬರುತ್ತೆ.

ಆದರೆ ಫೋನನ್ನು ನಾನು ಹೀಗಳೆಯಲ್ಲ. 2019ರಲ್ಲಿ ದಿನಾ ದಾದರ್‌ನಲ್ಲಿ ಗಾಡಿ ಬದಲಿಸಿ ಅಂಗಡಿಗೆ ಹತ್ತಿರದ ಗ್ರಾಂಟ್ ರೋಡಿಗೆ ಹೋಗ್ತಿದ್ದೆ. ಫಾಸ್ಟ್ ಲೋಕಲ್‌ನಲ್ಲಿ ಪಬ್‌ಜಿ (ಬಿಜಿಎಂಐಗೆ ಮೊದಲು ಇಲ್ಲಿದ್ದ ಅದೇ ಥರದ ಆಟ) ಹಾಕಿದರೆ ದಿವಾ ದಾಟಿ ಪಾರ್ಸಿಕ್ ಸುರಂಗ ಹೊಕ್ಕ ಕೂಡಲೇ ನೆಟ್ ಮಾಯ. ಠಾಣೆ ಬರೋಷ್ಟರಲ್ಲಿ ನನ್ನ ಆಳು ಸತ್ತಿರ್ತಿದ್ದ, ಟೀಮಿನವರ ಬೈಗುಳ ಮಾತ್ರ ಕಿವಿಗೆ ಬರ್ತಿತ್ತು. ಅದೇ ಡಬ್ಬಿಯಲ್ಲಿ ನಾಲ್ಕು ಗುಜರಾತಿ ಕಾಕಾಗಳು ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸಿ ಲೂಡೋ ಕಿಂಗ್ ಆಡ್ತಿದ್ದರು. ಅವರಿಗೆ ನೆಟ್ಟೇ ಬೇಡ, ಸುರಂಗದೊಳಗೂ ದಾಳ ಉರುಳ್ತಿತ್ತು. ಆ ಆಟ ಮಾಡಿದ್ದೂ ಇಲ್ಲೇ ನವಿ ಮುಂಬಯಿಯ ಗೇಮೆಷನ್ ಅನ್ನೋ ಕಂಪನಿ, 2016ರಲ್ಲಿ. ಎಷ್ಟು ಲಕ್ಷದ ಡೆಸ್ಕ್‌ಟಾಪ್ ತಂದರೂ ಅದನ್ನು ನಾಲ್ಕು ಜನರ ತೊಡೆ ಮೇಲೆ ದಾಟಿಸೋಕಾಗುತ್ತಾ?

ಒಂದೇ ಆಟಕ್ಕೋಸ್ಕರ ಯಂತ್ರ ಕೊಳ್ಳಬೇಡಿ ಅನ್ನೋದಕ್ಕೆ ನಾನೇ ಸಾಕ್ಷಿ. 2022ರ ಜೂನ್‌ನಲ್ಲಿ ಬಿಜಿಎಂಐಗೆ ಅಂತಲೇ ಟ್ಯಾಬ್ಲೆಟ್ ತಗೊಂಡೆ. ಜುಲೈ 28ಕ್ಕೆ ಸರ್ಕಾರದ ಆದೇಶದ ಮೇಲೆ ಆಟ ಆ್ಯಪ್ ಸ್ಟೋರ್‌ಗಳಿಂದ ಹೋಯ್ತು, ಮತ್ತೆ ಬಂದದ್ದು 2023ರ ಮೇ ತಿಂಗಳಲ್ಲಿ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧ ಆದದ್ದನ್ನು ಕಣ್ಣಾರೆ ನೋಡಿದವನು ನಾನು, ಬುದ್ಧಿ ಬರಲಿಲ್ಲ. ಆ ಟ್ಯಾಬ್ಲೆಟ್ ಈಗ ಊರಲ್ಲಿದೆ, ಅಮ್ಮ ಅದರಲ್ಲಿ ಯಕ್ಷಗಾನ ನೋಡ್ತಾರೆ. ಪರದೆ ದೊಡ್ಡದು, ವೇಷ ಚೆನ್ನಾಗಿ ಕಾಣುತ್ತೆ ಅಂತಾರೆ.

ಡೆಸ್ಕ್‌ಟಾಪಿನ ಸುಖ ಒಂದೇ: ಬಿಚ್ಚಬಹುದು. ಮಳೆಗಾಲದಲ್ಲಿ ಅಂಗಡಿಗೆ ಬರೋ ಅರ್ಧ ಕಂಪ್ಲೇಂಟು 'ನೋ ಡಿಸ್ಪ್ಲೇ'. ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ, ಪುಡಿ ಊದಿ, ಟಕ್ ಅಂತ ವಾಪಸ್ ಕೂರಿಸಿದರೆ ಮಾನಿಟರ್ ಬೆಳಗುತ್ತೆ. ನನ್ನ ಕ್ಯಾಬಿನೆಟ್‌ನಲ್ಲಿ ಮೊದಲು ಇದ್ದದ್ದು 2014ರ ಜಿಟಿಎಕ್ಸ್ 750 ಟಿಐ ಗ್ರಾಫಿಕ್ಸ್ ಕಾರ್ಡ್. ಆಮೇಲೆ ಕಾರ್ಡು ಬದಲಾಯ್ತು, ಎಸ್‌ಎಂಪಿಎಸ್ (ಕರೆಂಟ್ ಒದಗಿಸೋ ಪಾರ್ಟ್) ಬದಲಾಯ್ತು, ಡಬ್ಬ ಮಾತ್ರ ಅದೇ. ಟ್ಯಾಬ್ಲೆಟ್ ಬ್ಯಾಟರಿ ಕೂತುಹೋದರೆ ಮನೆಯಲ್ಲಿ ನೀವು ಮಾಡೋಕೆ ಏನೂ ಇಲ್ಲ.

60 ಸಾವಿರದಲ್ಲಿ ಮಾನಿಟರ್, ಕೀಬೋರ್ಡ್, ಯುಪಿಎಸ್, ಕುರ್ಚಿ ಎಲ್ಲ ಬರಬೇಕು ಅಂದಾಗ ಸೆಕೆಂಡ್ ಹ್ಯಾಂಡ್ ಕಡೆ ಕಣ್ಣು ಹೋಗುತ್ತೆ. ಹುಷಾರು. 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿಂದ ಡಿಜಿಟಲ್ ನಾಣ್ಯ ಗಳಿಸೋ ಇಥೀರಿಯಂ ಮೈನಿಂಗ್ ನಿಂತ ಮೇಲೆ ಹಗಲು ರಾತ್ರಿ ದುಡಿದ ಕಾರ್ಡುಗಳು ಮಾರ್ಕೆಟ್ಟಿಗೆ ಸುರಿದವು, ತೊಳೆದು ಒರೆಸಿದರೆ ಹೊಸದರ ಹಾಗೇ ಕಾಣ್ತವೆ. ಪ್ರೊಸೆಸರ್ ಇಂಟೆಲ್ ಆದ್ರೆ 8ನೇ ಜನರೇಷನ್‌ಗಿಂತ ಹಿಂದಿನದು ಬೇಡ: ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 8ನೇ ಜನರೇಷನ್‌ಗಿಂತ ಹಳೇ ಬಹುತೇಕ ಪ್ರೊಸೆಸರ್‌ಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗಲ್ಲ. ವ್ಯಾಲೊರಂಟ್ ಅಂತೂ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನೋ ಎರಡು ಭದ್ರತಾ ಸೌಲಭ್ಯವನ್ನೂ ಕೇಳುತ್ತೆ. ದುಡ್ಡು ಕೊಡೋ ಮೊದಲು ಅಂಗಡಿಯಲ್ಲೇ ಆನ್ ಮಾಡಿಸಿ ನೋಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ? ಬಿಜಿಎಂಐ ಒಂದೇ ಸಾಕು ಅನ್ನೋದಾದ್ರೆ ಡೆಸ್ಕ್‌ಟಾಪ್ ವ್ಯರ್ಥ, ಪಿಸಿಯಲ್ಲಿ ಫೋನ್ ಆಟ ಓಡಿಸೋ ಎಮ್ಯುಲೇಟರ್‌ನಲ್ಲಿ ಆಡೋಕೆ ಹೋದರೆ ಅಕೌಂಟ್ ಕಳ್ಕೊಳ್ಳಬಹುದು. ಟ್ಯಾಬ್ಲೆಟ್ ಬೇಕೇಬೇಕು ಅಂದ್ರೆ 60 ಸಾವಿರವೂ ಸುರಿಯಬೇಡಿ, ಅರ್ಧದಲ್ಲಿ ಮುಗಿಸಿ. ಜಿಟಿಎ 5 ಥರದ್ದು ಆಡಬೇಕು ಅಂದ್ರೆ ಪಿಸಿ ಅಥವಾ ಕನ್ಸೋಲ್ ಬೇಕು. ಅದರ ಫೋನ್ ಆವೃತ್ತಿ ಅಂತ ವಾಟ್ಸಾಪಲ್ಲಿ ಯಾರಾದ್ರೂ ಎಪಿಕೆ (ಆ್ಯಪ್ ಫೈಲು) ಕಳಿಸಿದರೆ ಡಿಲೀಟ್ ಮಾಡಿ, ಹಾಗೊಂದು ಆವೃತ್ತಿಯೇ ಇಲ್ಲ. ಆದರೂ ಡೆಸ್ಕ್‌ಟಾಪ್ ಈಗಲೇ ಬೇಡ. ಈ ಕರಾರು ಮುಗೀಲಿ, ಮುಂದಿನ ಖೋಲಿಯಲ್ಲಿ ಒಂದು ಗೋಡೆ ನಿಮ್ಮದಾಗುತ್ತಾ ನೋಡಿ.

ಅಲ್ಲಿವರೆಗೆ ಗಂಟೆ ಲೆಕ್ಕದಲ್ಲಿ ದುಡ್ಡು ತಗೊಳ್ಳೋ ಗೇಮಿಂಗ್ ಕೆಫೆಗೆ ನಾಲ್ಕು ವಾರ ಹೋಗಿ ಮೌಸ್ ಹಿಡೀರಿ, ಕೈ ಒಗ್ಗುತ್ತಾ ಗೊತ್ತಾಗುತ್ತೆ. ಭಾನುವಾರ ಬೆಳಿಗ್ಗೆ ಹೋಗಿ. ಶನಿವಾರ ಸಂಜೆ ಕಾಲೇಜು ಹುಡುಗರ ಮಧ್ಯೆ ಸೀಟೇ ಸಿಗಲ್ಲ.